ಪ್ರಶ್ನೆ ಸಂಖ್ಯೆ ೨೧೪

ಲುಸಾಕಾದ ಗುಡ್ಡದ ಮೇಲೆ ತಾಮ್ರ ಹೊದ್ದ ಸಂಸತ್ತು.
ಅದರ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ,
ಹತ್ತು ಹತ್ತು ನಿಮಿಷದ ತುಂಡು ಮಾಡಿ ಹಂಚುತ್ತಾರೆ ನಮಗೆ
ಮಾತು.
ಕಿವಿಗೆ ಹೆಡ್‌ಫೋನು, ಕಾಲಡಿ ಪೆಡಲು.
ಒತ್ತಿದರೆ ಸನ್ಮಾನ್ಯರು ಮಾತಾಡುತ್ತಾರೆ,
ಬಿಟ್ಟರೆ ಬಾಯಿ ತೆರೆದಂತೆಯೇ ನಿಲ್ಲುತ್ತಾರೆ.
ಇಷ್ಟು ಅಧಿಕಾರ ಮಂತ್ರಿಗೂ ಇಲ್ಲ.

ನಿಯಮಗಳು ಗೋಡೆಯ ಮೇಲಿವೆ:
ಕೆಮ್ಮು ಬರೆಯಬಾರದು. ತೊದಲು ಬರೆಯಬಾರದು.
ಅಳು ಬಂದರೆ ಅಲ್ಪವಿರಾಮ ಸಾಕು.
ನಗೆ ಬರೆಯಬಹುದು, ಅದಕ್ಕೆ ಬೇರೆ ಸಾಲು.

ಬುಧವಾರ ನನ್ನ ಪಾಲಿಗೆ ಬಂದದ್ದು
ಲಿಯಾಂಗು ಕ್ಷೇತ್ರದ ಶ್ರೀ ಸಿಟುಂಬೆಕೊ ಮುಯುಂಡಾ.
ಪಡುವಣದ ನೆರೆಬಯಲು. ನನ್ನ ಹೊಳೆ.
ಇಂಗ್ಲಿಷನ್ನು ಹುಟ್ಟು ಹಾಕಿ ಹಾಕಿ ನಡೆಸುವ ಮನುಷ್ಯ,
ಪ್ರತಿ ವಾಕ್ಯದ ಕೊನೆಗೆ ಒಮ್ಮೆ ಉಸಿರೆಳೆದು ದಡ ಮುಟ್ಟುತ್ತಾರೆ.
ಕೇಳಿದರು:
ಹೊಳೆ ದಾಟಿಸುವ ಪಾಂಟೂನು ಕೆಟ್ಟು ಹದಿನಾಲ್ಕು ತಿಂಗಳು,
ರಿಪೇರಿ ಯಾವಾಗ?

ಮಂತ್ರಿಗಳು ಎದ್ದರು. ಕಾಗದದ ಸರಬರ.
ಸರಬರವನ್ನೂ ಬರೆಯಬಾರದು.
ಹಣ ಲಭ್ಯವಾದ ಕೂಡಲೇ, ಮಾನ್ಯ ಸಭಾಧ್ಯಕ್ಷರೇ.

ಈ ವಾಕ್ಯ ನನ್ನ ಬೆರಳಿಗೇ ಬಾಯಿಪಾಠ.
ಎರಡಕ್ಷರ ಒತ್ತಿದರೆ ಸಾಕು,
ಉಳಿದದ್ದನ್ನು ಯಂತ್ರವೇ ಮುಗಿಸಿಬಿಡುತ್ತದೆ.

ಉಪಪ್ರಶ್ನೆ. ಮುಯುಂಡಾ ಮತ್ತೆ ಎದ್ದರು.
ಹೋದ ಫೆಬ್ರವರಿ, ಒಬ್ಬ ತುಂಬು ಬಸುರಿ.
ನೋವು ಈಚೆ ದಡ, ಕ್ಲಿನಿಕ್ಕು ಆಚೆ ದಡ.
ಮರ ಕೊರೆದ ಮುಕೊಲೊದಲ್ಲಿ ಮಲಗಿಸಿ ಹೊರಟರು.
ಮಗು ದಡದ ತನಕ ಕಾಯಲಿಲ್ಲ,
ಹುಟ್ಟು ಹಾಕುತ್ತಿದ್ದವನೇ ಹುಟ್ಟನ್ನೂ ನೋಡಿಕೊಂಡ.
ಮುಕೊಲೊದಲ್ಲಿ ಹುಟ್ಟಿದ ಹೆಣ್ಣು, ಹೆಸರು ನಾಮುಕೊಲೊ.
ಪಾಂಟೂನು ಎಂದು ಹೆಸರಿಡುವ ಭಾಗ್ಯವನ್ನು
ಮಂತ್ರಿಗಳು ನಮಗೆ ಕೊಡಲಿಲ್ಲ, ಅಂದರು.
ಸಭೆ ಹೊಟ್ಟೆ ಹಿಡಿದು ನಕ್ಕಿತು.
ಬರೆದೆ, ಬೇರೆ ಸಾಲಿನಲ್ಲಿ:
ನಗೆ.

ನನ್ನ ಹೆಸರೂ ನಾಮುಕೊಲೊ.
ಅದನ್ನು ಬರೆಯಲು ನಡಾವಳಿಯಲ್ಲಿ ಕಾಲಂ ಇಲ್ಲ.

ಊಟದ ಹೊತ್ತಿಗೆ ಲೈಬ್ರರಿಗೆ ಇಳಿದು
ನಾನು ಹುಟ್ಟಿದ ವರ್ಷದ ಸಂಪುಟ ತೆಗೆದೆ.
ಗೆದ್ದಲು ಬೆನ್ನು ತಿಂದಿತ್ತು, ಹೊಟ್ಟೆ ಬಿಟ್ಟಿತ್ತು.
ಬೇರೆ ಸದಸ್ಯ, ಬೇರೆ ಮಂತ್ರಿ, ಬೇರೆ ಪಕ್ಷ,
ಅದೇ ಹೊಳೆ.
ಅವ್ವನ ಹೆಸರಿರಲಿಲ್ಲ, ಓರ್ವ ಮಹಿಳೆ ಎಂದಿತ್ತು.
ಆ ಸದಸ್ಯ ಹೇಳಿದ್ದರೇನೋ.
ನನ್ನಂಥವಳು ಯಾರೋ
ಪೆಡಲು ಒತ್ತಿ, ಮತ್ತೆ ಒತ್ತಿ, ಕೇಳಿಸದೆ,
ಊಟಕ್ಕೆ ಹೊತ್ತಾಯಿತೆಂದು
ಓರ್ವ ಮಹಿಳೆ ಎಂದು ಬರೆದಿರಬಹುದು.

ಮರಳಿ ಬಂದು ಕೂತೆ. ಉಳಿದದ್ದು ನಾಲ್ಕು ನಿಮಿಷ.
ಇದನ್ನು ಸದನದ ಮೇಜಿನ ಮೇಲೆ ಇಡುತ್ತೇನೆ, ಎಂದರು ಮುಯುಂಡಾ.
ಠಣ್.
ಪಾಂಟೂನಿನ ಬೋಲ್ಟಂತೆ. ತುಕ್ಕು ತಿಂದು ತುಂಡಾದದ್ದು.
ಅಷ್ಟು ದೂರದ ಬಸ್ಸಿನಲ್ಲಿ, ಮೊಮ್ಮಗುವಿನ ಹಾಗೆ,
ತೊಡೆಯ ಮೇಲಿಟ್ಟುಕೊಂಡು ತಂದರಂತೆ.

ಸಭಾಧ್ಯಕ್ಷರೆಂದರು:
ಮೇಜಿನ ಮೇಲೆ ಕಾಗದಪತ್ರ ಇಡಬಹುದು,
ಕಬ್ಬಿಣ ಇಡುವಂತಿಲ್ಲ. ತೆಗೆಯಿರಿ.

ತೆಗೆಯುವಾಗ ಜಾರಿತು.
ಕಣ್ಣಿಲ್ಲದೆಯೂ ಗೊತ್ತಾಗುತ್ತದೆ ನನಗೆ:
ಮೊದಲು ಮರದ ಮೇಲೆ ಉರುಳಿದ್ದು, ಆಮೇಲೆ ಜಮಖಾನದ ಮೇಲೆ,
ಆಮೇಲೆ ಯಾರದೋ ಬೂಟಿಗೆ ತಗುಲಿ ನಿಂತದ್ದು.
ಯಾರೂ ನಗಲಿಲ್ಲ.
ಏಳು ಸೆಕೆಂಡು ಅಷ್ಟು ದೊಡ್ಡ ಸಭೆಯಲ್ಲಿ
ಫ್ಯಾನಿನದೊಂದೇ ಭಾಷಣ.

ಏನಮ್ಮ ತಡ, ಎಂದು ಶ್ರೀಮತಿ ಚಿಲುಫ್ಯಾ ಬಾಗಿಲಿಗೆ ಬಂದರು.
ಒಂದು ಶಬ್ದ ಸ್ಪಷ್ಟವಿಲ್ಲ ಮೇಡಂ, ಅಂದೆ.
ಸುಳ್ಳು. ಅಷ್ಟು ಸ್ಪಷ್ಟವಾದದ್ದನ್ನು
ಹನ್ನೊಂದು ವರ್ಷದಲ್ಲಿ ಈ ಕಿವಿ ಕೇಳಿಲ್ಲ.

ಬರೆದೆ, ನಗೆಗೆ ಕೊಡುವ ಹಾಗೆಯೇ ಬೇರೆ ಸಾಲು ಕೊಟ್ಟು:
ಬೋಲ್ಟು ನೆಲಕ್ಕೆ ಬಿತ್ತು.

ಅವರ ಕನ್ನಡಕ ಬಹಳ ಚುರುಕು, ಕೆಂಪು ಪೆನ್ನು ಅದಕ್ಕಿಂತ.
ಶುಕ್ರವಾರ ಅಚ್ಚಿಗೆ ಹೋಗುತ್ತದೆ.
ನೋಡಬೇಕು.