ಸಾಕು

ಪಡುಕೆರೆಯ ಸಂಜೆ. ಹರಿದ ಬಲೆಯಿಂದ ಕಳಚಿದ
ಹಳದಿ ಬೆಂಡು ಎಸೆಯುತ್ತಿದ್ದೆ.
ಬೊಗ್ಗು ಓಡುತ್ತಿದ್ದ, ತರುತ್ತಿದ್ದ,
ಕಾಲ ಬಳಿ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು
ಮುಖವನ್ನಲ್ಲ, ನನ್ನ ಕೈಯನ್ನು ನೋಡುತ್ತಿದ್ದ.

ಇಪ್ಪತ್ತರವರೆಗೆ ಎಣಿಸಿದ್ದೆ. ಆಮೇಲೆ
ಮಂಜುಗಡ್ಡೆ ಲಾರಿಯ ಹಾರ್ನಿಗೆ ಲೆಕ್ಕ ತಪ್ಪಿತು.

ಬರುವಾಗ ಮುಂಗಾಲು ತುಸು ಎತ್ತಿ ಎತ್ತಿ ಇಡುತ್ತಿದ್ದ.
ನಾಲಿಗೆಯ ತುಂಬ ಮರಳು,
ಪಕ್ಕೆ ದೋಣಿಯ ಇಂಜಿನ್ನಿನ ಹಾಗೆ.
ಬಾಲ ಮಾತ್ರ: ಇನ್ನೊಂದು, ಇನ್ನೊಂದು.

ಬಲೆ ಹೊಲಿಯುತ್ತಿದ್ದ ವಾರಿಜಕ್ಕ ತಲೆಯೆತ್ತದೆ
"ಯಾವು ಮಾರಾಯ್ತಿ" ಅಂದರು,
"ಅದಕ್ಕೆ ಹೇಳ್ಲಿಕ್ಕೆ ಬರುದಿಲ್ಲ. ನಿಂಗೆ ಬರ್ತದಲ್ಲ?"

ಎತ್ತಿದ ಕೈ ಎತ್ತಿದಲ್ಲೇ ನಿಂತಿತು.
ಬೆಂಡನ್ನು ವೇಲಿನೊಳಗೆ ಸುತ್ತಿ
ಖಾಲಿ ಅಂಗೈ ತೋರಿಸಿದೆ.
ನಂಬಲಿಲ್ಲ. ಮೂಸಿದ. ಇನ್ನೊಂದನ್ನೂ ಮೂಸಿದ.
ಒಮ್ಮೆ ಕಡಲಿನತ್ತ ನೋಡಿದ,
ಅದಾದರೂ ಎಸೆದೀತು ಎಂಬಂತೆ.

ಸಾಕು, ಅಂದೆ.
ನಿನ್ನನ್ನು ಸಾಕುವುದಕ್ಕೂ ಇದೇ ಪದ ಮಾರಾಯಾ,
ಬೇರೆ ಇಲ್ಲ ನನ್ನ ಹತ್ತಿರ.

ಒದ್ದೆ ಮರಳಲ್ಲಿ ಗುಂಡಿ ತೋಡಿ ಹೊಟ್ಟೆಯೂರಿದ.
ಅವನ ಏದುಸಿರು ತಗ್ಗುವವರೆಗೆ ಕೂತೆ.
ತಗ್ಗಿತು, ಬೇಗನೇ.
ನನ್ನ ತೋಳು ಮಾತ್ರ
ಕತ್ತಲಾದರೂ ಎಸೆಯುತ್ತಲೇ ಇತ್ತು, ಒಳಗೊಳಗೆ.