ಹಿಂಬದಿಯ ಭಾರ

ಏಳಕ್ಕೆ ಗೇಟು ಎತ್ತುತ್ತಾರೆ, ಗಾಳಿ ಒಪ್ಪಿದರೆ.
ಇವತ್ತು ಒಪ್ಪಿದ್ದು ಒಂಬತ್ತೂವರೆಗೆ, ಅದೂ ಅರೆಮನಸ್ಸಿನಿಂದ.
ಮುಂದೆ ಒಡ್ವಾರನ ಲಾರಿ, ಹಿಮ ತಳ್ಳುವ ಅಲಗು ಇಳಿಸಿ.
ನಡುವೆ ಹನ್ನೊಂದು ಗಾಡಿ.
ಎಲ್ಲರ ಹಿಂದೆ ನಾನು, ಹಳದಿ ದೀಪ ತಿರುಗಿಸುತ್ತ.
ನಾರ್ವೆಯ ಈ ಘಾಟಿಯಲ್ಲಿ ಇಪ್ಪತ್ತಾರು ಚಳಿಗಾಲ
ನನ್ನ ಕೆಲಸ ಇಷ್ಟೇ:
ಯಾರೂ ಹಿಂದುಳಿಯದಂತೆ ಕೊನೆಯವನಾಗಿರುವುದು.

ಮುಖ ಕಂಡು ಜನರನ್ನು ಬಲ್ಲವರಿದ್ದಾರೆ.
ನಾನು ಬೆನ್ನು ಕಂಡು ಬಲ್ಲವನು.

ಅಂಚೆಯ ಸಿಗ್ನಿಯ ಪುಟ್ಟ ಫಿಯೆಟ್ಟು, ಥೇಟ್ ಬೆಕ್ಕು.
ತೂಕವೇ ಇಲ್ಲದಂತೆ ನಾಲ್ಕೂ ಪಾದ ಊರಿ
ಮೂಸಿ ಮೂಸಿ ಹತ್ತುತ್ತದೆ.
ಮೇಷ್ಟ್ರ ಬ್ಯಾಟರಿ ಕಾರಿಗೆ ಹೊಟ್ಟೆಯಲ್ಲೇ ಭಾರ,
ನೆಲ ಬಿಡುವುದಿಲ್ಲ, ಸದ್ದೂ ಇಲ್ಲ.
ಒಳಗೆ ಮೇಷ್ಟ್ರು ಹೀಟರು ಆರಿಸಿ, ಕಿವಿಗೆ ಉಣ್ಣೆ ಎಳೆದು,
ಮೂವತ್ತೊಂದು ಶೇಕಡಾ, ಮೂವತ್ತು ಶೇಕಡಾ
ಎಂದು ಜಪ ಮಾಡುತ್ತಿರುತ್ತಾರೆ, ಬಲ್ಲೆ.
ಮೀನಿನ ವ್ಯಾನು. ಸೂಲಗಿತ್ತಿಯ ಸುಬಾರು.
ಬಾಗಿಲಿಗೆ ಹಗ್ಗ ಕಟ್ಟಿಕೊಂಡ ಒಂದು ಲಾಡಾ,
ಕೆಮ್ಮುತ್ತದೆ, ನಿಲ್ಲುವುದಿಲ್ಲ.

ಹತ್ತನೆಯದು ಓಸ್ಲೊದ ಕಪ್ಪು ಗಾಡಿ.
ಎತ್ತರ ನೋಡಿದರೆ ಬೆಟ್ಟವೇ ಬದಿಗೆ ಸರಿಯಬೇಕು,
ಕಾಲಿಗೆ ಮಾತ್ರ ಬೇಸಿಗೆಯ ಚಪ್ಪಲಿ.
ನಾಲ್ಕು ಚಕ್ರ ದುಡಿದರೆ ನಾಲ್ಕೂ ಜಾರುತ್ತವೆ,
ವ್ಯತ್ಯಾಸ ಅಷ್ಟೇ.

ಹನ್ನೊಂದನೆಯದು, ನನ್ನ ಮೂತಿಯೆದುರಿಗೇ,
ಶವದ ಗಾಡಿ.
ಉದ್ದನೆಯ ಹಳೇ ವೋಲ್ವೊ, ಹಿಂದಿನ ಚಕ್ರವಷ್ಟೇ ಎಳೆಯುವಂಥದ್ದು.
ಹಿಮದಲ್ಲಿ ಅಂಥವು ಕುಡಿದ ನೆಂಟನ ಹಾಗೆ,
ಮುಖ ಒಂದು ಕಡೆ, ಸೊಂಟ ಒಂದು ಕಡೆ.
ಸ್ಟೀರಿಂಗಿನಲ್ಲಿ ಹೊಸ ಹುಡುಗ, ಟೈ ಕಟ್ಟಿದವನು.
ಗಾಜಿನ ಹಿಂದೆ ಆಸ್ಲೌಗ್.

ನಲವತ್ತು ವರ್ಷ ಕಣಿವೆಗೆಲ್ಲ ಡ್ರೈವಿಂಗ್ ಕಲಿಸಿದವಳು.
ನನಗೆ, ಒಡ್ವಾರನಿಗೆ, ಮೂರು ಸಲ ಫೇಲಾದ ಪಾದ್ರಿಗೆ.
“ಬ್ರೇಕು ಬೈಗುಳವಲ್ಲ ಕಣೋ, ಪ್ರಶ್ನೆ. ಮೆತ್ತಗೆ ಕೇಳು.”
“ಜಾರಿದರೆ, ಹೋಗಬೇಕಾದ ಕಡೆ ನೋಡು.
ಹೊಂಡ ನೋಡುವವನನ್ನು ಹೊಂಡವೇ ಕರೆದುಕೊಳ್ಳುತ್ತದೆ.”
ಅಕ್ಟೋಬರಿನಿಂದ ಮೇ ತನಕ ಅವಳ ಡಿಕ್ಕಿಯಲ್ಲಿ ಎರಡು ಚೀಲ ಮರಳು.
ಒಂದು ದಿನ ಚೀಲ ಮರೆತು ಬಂದಿದ್ದಳು.
ಹದಿನೇಳರ, ದಪ್ಪಗಿದ್ದ ನನ್ನನ್ನು ಹಿಂದಿನ ಸೀಟಿಗೆ ಅಟ್ಟಿ
“ಇವತ್ತು ನೀನೇ ಮರಳು” ಅಂದಳು.
ಮುಂದೆ ಕೂತ ಹುಡುಗಿ ನಕ್ಕಳು.
ಆ ನಗು ಬಹಳ ವರ್ಷ ಚುಚ್ಚಿತು.

ಏಳನೇ ಮೈಲಿಯ ಏರಿನಲ್ಲಿ ಗಾಳಿ ತಿರುಗಿತು.
ಆಕಾಶ ಯಾವುದು, ರಸ್ತೆ ಯಾವುದು,
ಹಾಲಿನೊಳಗೆ ಬಿದ್ದ ನೊಣದ ಹಾಗೆ ನಾವು.
ಕಪ್ಪು ಗಾಡಿ ಬ್ರೇಕು ತುಳಿಯಿತು, ಬೈಗುಳದಂತೆ,
ಅಡ್ಡ ತಿರುಗಿ, ನಿಧಾನಕ್ಕೆ, ಬಹಳ ಮರ್ಯಾದೆಯಿಂದ
ಹೊಂಡಕ್ಕಿಳಿದು ಕೂತಿತು.
ಶವದ ಗಾಡಿ ನಿಂತಿತು. ಏರಿನಲ್ಲಿ. ಕೆಟ್ಟ ಜಾಗದಲ್ಲಿ.

ದಂಪತಿಯನ್ನು ನನ್ನ ಲಾರಿಗೆ ಹತ್ತಿಸಿಕೊಂಡೆ.
“ಆದರೆ ಇದು ನಾಲ್ಕು ಚಕ್ರದ ಗಾಡಿ” ಎನ್ನುತ್ತಲೇ ಇದ್ದ ಆತ.
ನಾನು ಕೇಳಿಸಿಕೊಳ್ಳಲಿಲ್ಲ.
ವೋಲ್ವೊದ ಹಿಂದಿನ ಚಕ್ರ ನೋಡುತ್ತಿದ್ದೆ.

ಹುಡುಗ ಎರಡನೇ ಗೇರಿಗೆ ಹಾಕಿರಬೇಕು.
ಕ್ಲಚ್ಚು ಕೂದಲೆಳೆಯಷ್ಟು ಬಿಟ್ಟ.
ಚಕ್ರ ಅರ್ಧ ಸುತ್ತು ಸುಮ್ಮನೆ ತಿರುಗಿತು.
ಆಮೇಲೆ ಕಚ್ಚಿತು.
ಹೂಮಾಲೆ ಒಂದಿಷ್ಟು ಹಿಂದೆ ಸರಿಯಿತು,
ಪೆಟ್ಟಿಗೆ ಕದಲಲಿಲ್ಲ,
ಗಾಡಿ ಹತ್ತಿತು. ಸೊಂಟ ತಿರುಗಿಸದೆ.

“ಚೆನ್ನಾಗಿ ಬಿಡುತ್ತಾನೆ ಹುಡುಗ” ಅಂದಳು ಆ ಹೆಂಗಸು.
ಹೌದು ಅಂದೆ. ಗಂಟಲು ಸರಿಮಾಡಿಕೊಂಡೆ.

ಆಚೆ ಗೇಟಿನಲ್ಲಿ ಬಿಸಿಲು, ನಾಚಿಕೆಯಿಲ್ಲದ ಬಿಸಿಲು.
ಎಲ್ಲರೂ ಅವರವರ ದಾರಿಗೆ.
ಮೇಷ್ಟ್ರಿಗೆ ಹನ್ನೆರಡು ಶೇಕಡಾ ಉಳಿದಿತ್ತು, ಹಬ್ಬದಂತೆ ಕೈಬೀಸಿದರು.
ಆಸ್ಲೌಗ್ ಅವಳ ಅಮ್ಮನ ಚರ್ಚಿನ ಕಡೆ ಹೊರಳಿದಳು,
ಇಂಡಿಕೇಟರ್ ಹಾಕಿ.

ನಾನಿನ್ನು ಕಪ್ಪು ಗಾಡಿ ಎಳೆಯಬೇಕು.
ಅದಕ್ಕೂ ಮೊದಲು ಒಂದು ಕೆಲಸ.
ಸಂಜೆ ಐದರ ಸಾಲಿನಲ್ಲಿ ಆ ಹುಡುಗ ಮರಳುತ್ತಾನೆ,
ಗಾಡಿ ಖಾಲಿ, ಏರು ಅದೇ.
ಗೇಟಿನ ಶೆಡ್ಡಿನಿಂದ ಎರಡು ಚೀಲ ಎಳೆದು
ಬಾಗಿಲ ಬಳಿ ಇಟ್ಟಿದ್ದೇನೆ.