ಚುಕ್ಕಿಗೆರೆ

ಐವತ್ತಾರರ ಮಾಗಿಯಲ್ಲಿ ಮುಳಬಾಗಿಲಿನಿಂದ
ಎರಡು ಎತ್ತಿನ ಗಾಡಿ ತುಂಬ ಬಂತು ಸರ್ವೆ:
ಮೂರು ಕಾಲಿನ ಹಲಗೆ, ಹಿತ್ತಾಳೆಯ ದುರ್ಬೀನು,
ಕೊಡೆ ಹಿಡಿಯಲೆಂದೇ ಒಬ್ಬ ಆಳು,
ಒದ್ದೆಯಾಗಬಾರದ ಕಾಗದ.

ನಮ್ಮ ತಾತ ನೀರುಗಂಟಿ ಪಿಳ್ಳಪ್ಪ
ದಿನಕ್ಕೆ ಹನ್ನೆರಡಾಣೆಗೆ ಒಪ್ಪಿ
ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದು
ಮೊಣಕಾಲುದ್ದ ಕೆಸರಿಗಿಳಿದ.
ಇನ್ನೂ ಆಚೆ. ಇನ್ನೂ.
ದಡದಿಂದ ನೋಡಿದವರಿಗೆ
ಜೊಂಡಿನ ಮೇಲೆ ಕೋಲೊಂದೇ ನಡೆಯುತ್ತಿತ್ತಂತೆ.

ಬೆಟ್ಟ ಸಲೀಸು, ಅಲ್ಲಾಡುವುದಿಲ್ಲ.
ಬಂಡೆ, ಬಾವಿ, ಒಂಟಿ ಹುಣಸೆ, ಗರುಡಗಂಬ
ಮೊದಲ ದಿನವೇ ಕಾಗದಕ್ಕಿಳಿದವು.
ಏರಿಯೂ ಇಳಿಯಿತು.
ಎದುರು ದಡದ್ದೇ ತಕರಾರು.

“ನೀರು ಎಲ್ಲಿಗೆ ಮುಗೀತದೆ?” ಅಂದರು ಸರ್ವೇಯರ್ ಭಾಷ್ಯಂ.
“ಯಾವ ತಿಂಗಳಲ್ಲಿ ಸ್ವಾಮಿ?”

ಕಾರ್ತೀಕಕ್ಕೆ ಅಗೋ ಆ ಹೊಂಗೆಯ ಬುಡ,
ಸಂಕ್ರಾಂತಿಗೆ ನೀವು ನಿಂತಿರೋ ಜಾಗ,
ಶಿವರಾತ್ರಿಗೆ ತೂಬಿನ ಮೂರನೇ ಕಣ್ಣು,
ಯುಗಾದಿ ಕಳೆದರೆ ಎಮ್ಮೆ ಹೊರಳುವಷ್ಟು,
ಆಮೇಲೆ ನಮ್ಮೋರು ಕರ್ಬೂಜದ ಬೀಜ ಹಾಕ್ತಾರೆ.
ಎಲ್ಲಾನೂ ಬರ್ಕೊಳ್ಳಿ.

ಒಂದೇ ಗೆರೆ ಬರೆಯಬಹುದು, ಅಂದರು ಭಾಷ್ಯಂ.

ಮಾರನೇ ಬೆಳಗ್ಗೆ ಕೆಸರಿನ ಮೇಲೆ
ಹಿಡಿಯಷ್ಟೂ ಇಲ್ಲದ ಉಲ್ಲಂಕಿಗಳು,
ಹೊಲಿಗೆ ಹಾಕಿದ ಹಾಗೆ ಕೊಕ್ಕು ಚುಚ್ಚುತ್ತ.
ಇವು ಬರೋದು ಭೂಮಿಯ ನೆತ್ತಿಯಿಂದ ಪಿಳ್ಳಪ್ಪ,
ಹಿಮದ ಕಡಲಿನ ಅಂಚು. ಅಲ್ಲೂ ಹೀಗೇ ಜೌಗು,
ಬೇಸಿಗೆಗೆ ಕರಗಿ, ಚಳಿಗೆ ಕಲ್ಲಾಗೋ ನೆಲ.
ಈಗ ಅದನ್ನೂ ಅಳೀತಿದ್ದಾರೆ,
ವಿಮಾನದಿಂದ ಪಟ ತೆಗೆದು.

ತಾತ ಕೋಲು ಕೈ ಬದಲಿಸಿದ.
“ಅಲ್ಲಿಗೆ ನೀರುಗಂಟಿ ಯಾರು?”

ಭಾಷ್ಯಂ ಬಹಳ ಹೊತ್ತು ಪೆನ್ಸಿಲು ಚೂಪು ಮಾಡಿದರಂತೆ.
(ಕೊನೆಯ ನಾಲ್ಕು ದಿನದ ಕೂಲಿ ಬರಲಿಲ್ಲ.
ಅದನ್ನು ಮಾತ್ರ ತಾತ
ಸಾಯೋವರೆಗೂ ಲೆಕ್ಕ ಇಟ್ಟಿದ್ದ.)

ಆ ಹಾಳೆ ಈಗ ನನ್ನ ಕೈಯಲ್ಲಿದೆ.
ರೆಕಾರ್ಡು ರೂಮಿನ ಗುಮಾಸ್ತೆ ನಾನು,
ಕೋಲಾರದ ಕೋರ್ಟಿಗೆ ಹಾಜರುಪಡಿಸಲು ತಂದಿದ್ದೇನೆ.
ಮಡಿಕೆಯಲ್ಲಿ ಹರಿದಿದೆ, ನೀಲಿ ಮಾಸಿದೆ.
ಕೆರೆಯ ಸುತ್ತ ಸಾಸಿವೆ ಚೆಲ್ಲಿದಂಥ ಚುಕ್ಕಿಗೆರೆ:
ಮೈಲಿಗೆ ಒಂದಿಂಚು ಲೆಕ್ಕದಲ್ಲಿ
ಆ ಚುಕ್ಕಿಯ ದಪ್ಪವೇ ನೆಲದ ಮೇಲೆ ಹದಿನೈದು ಮಾರು.
ಹದಿನೈದು ಮಾರಿನಲ್ಲಿ ಎಷ್ಟು ಸೈಟು ಬೀಳುತ್ತವೆಂದು
ಎದುರು ಬೆಂಚಿನವರಿಗೆ ಬಾಯಿಪಾಠ.
ನನಗೆ ಗೊತ್ತಿರುವುದು
ಅದರೊಳಗೆ ಒಬ್ಬ ಮನುಷ್ಯ
ಕೋಲು ಹಿಡಿದು ನಿಲ್ಲಬಹುದೆಂದು.

“ಕೆರೆಯ ಗಡಿ ಎಲ್ಲಿದೆ ಹೇಳಿಯಮ್ಮಾ.”

ನಾಲಿಗೆಯ ತುದಿಗೆ ಬಂದದ್ದು ಒಂದೇ ಮಾತು.
ನುಂಗಿಕೊಂಡೆ.
ಚುಕ್ಕಿ ಇರುವಲ್ಲಿ, ಸ್ವಾಮಿ, ಎಂದೆ.
ಟೈಪಿಸ್ಟು ತಲೆಯೆತ್ತದೆ ಬಡಿದುಕೊಂಡ
ಟಕ ಟಕ ಟಕ,
ಕೆಸರಿನಲ್ಲಿ ಕೊಕ್ಕು.